ಒಂದೇ ದೃಶ್ಯದ ಸಾಕ್ಷಿ

ಈ ಸಲ ಕಾಲೇಜು ವಾರ್ಷಿಕೋತ್ಸವದ ನಾಟಕದಲ್ಲಿ ನನಗೆ ಸಿಕ್ಕಿದ್ದು ಸಾಕ್ಷಿಯ ಪಾತ್ರ. ಒಂದೇ ದೃಶ್ಯ, ಏಳೇ ಮಾತು. ವಕೀಲನ ಪಾತ್ರ ಗೆಳೆಯನ ಪಾಲಾಯಿತು. ಬೇಸರದಿಂದ, ಬಿಟ್ಟೇಬಿಡೋಣ ಎಂದುಕೊಂಡಿದ್ದೆ. ವಕೀಲರೊಬ್ಬರ ಬಳಿ ಗುಮಾಸ್ತರಾಗಿರುವ ನನ್ನ ಮಾಮು ಕೇಳಿ ನಕ್ಕರು. “ವಕೀಲರು ಕೋರ್ಟಿಗೆ ದಿನಾ ಬರ್ತಾರೆ ಬೇಟಾ. ಕೇಸು ನಿಲ್ಲೋದು ಬೀಳೋದು ಒಂದು ದಿನ ಬಂದು ಹೋಗೋ ಸಾಕ್ಷಿಯಿಂದ” ಎಂದರು.

ಆ ಮಾತು ನಿಜವೆಂದು ನನಗೆ ತಿಳಿದದ್ದು ‘ದಿ ಪ್ರಾಕ್ಟೀಸ್’ ಎಂಬ ಅಮೆರಿಕದ ಧಾರಾವಾಹಿಯಿಂದ. ಡೇವಿಡ್ ಇ. ಕೆಲ್ಲಿ ರೂಪಿಸಿದ ಇದು 1997ರಿಂದ 2004ರವರೆಗೆ ಎಬಿಸಿ ವಾಹಿನಿಯಲ್ಲಿ ಪ್ರಸಾರವಾಯಿತು. ಬಾಸ್ಟನ್ ನಗರದ ಒಂದು ಸಣ್ಣ ವಕೀಲರ ಕಚೇರಿಯ ಕಥೆ. ಅತಿಥಿ ನಟರಿಗೆ ಕೊಡುವ ಎಮ್ಮಿ ಪ್ರಶಸ್ತಿ 1998ರಿಂದ 2002ರವರೆಗೆ ಸತತ ಐದು ವರ್ಷ ಈ ಒಂದೇ ಧಾರಾವಾಹಿಗೆ ಬಂತು. ಜಾನ್ ಲ್ಯಾರೊಕೆಟ್, ಎಡ್ವರ್ಡ್ ಹರ್ಮನ್, ಜೇಮ್ಸ್ ವಿಟ್ಮೋರ್, ಮೈಕೆಲ್ ಎಮರ್ಸನ್, ಚಾರ್ಲ್ಸ್ ಎಸ್. ಡಟನ್ ಆ ಐವರು. ಹಿರಿಯ ನಟಿ ಬಿಯಾ ರಿಚರ್ಡ್ಸ್ 2000ದಲ್ಲಿ ಅತಿಥಿ ನಟಿಯ ಪ್ರಶಸ್ತಿ ಪಡೆದು, ಕೆಲವೇ ದಿನಗಳಲ್ಲಿ ತೀರಿಕೊಂಡರು.

ಇದೆಲ್ಲ ಹೇಗೆ ಸಾಧ್ಯವಾಯಿತು? ಕಾರಣ ನ್ಯಾಯಾಲಯದ ರೀತಿಯಲ್ಲೇ ಇದೆ. ವಕೀಲರು ಪ್ರತಿ ವಾರವೂ ಅವರೇ. ಆದರೆ ಕಕ್ಷಿದಾರ, ಸಾಕ್ಷಿ, ಆರೋಪಿ ಹೊಸಬರು. ಕಳೆದುಕೊಳ್ಳುವುದು ಇರುವುದೂ ಅವರಿಗೇ. ಕೇಸು ಸೋತರೆ ವಕೀಲ ಮನೆಗೆ ಹೋಗುತ್ತಾನೆ, ಆರೋಪಿ ಜೈಲಿಗೆ ಹೋಗುತ್ತಾನೆ.

ಇನ್ನೊಂದು ಕಾರಣ ವಿಚಾರಣೆಯ ನಿಯಮ. ತನ್ನ ಕಡೆಯ ಸಾಕ್ಷಿಗೆ ವಕೀಲ ಸಾಮಾನ್ಯವಾಗಿ ಉತ್ತರವನ್ನು ಸೂಚಿಸುವ ಪ್ರಶ್ನೆ ಕೇಳುವಂತಿಲ್ಲ. ಹಾಗಾಗಿ ಮುಖ್ಯ ವಿಚಾರಣೆಯಲ್ಲಿ ಸಾಕ್ಷಿ ತನ್ನ ಕಥೆಯನ್ನು ತಾನೇ ಹೇಳಬೇಕು. ಪಾಟೀ ಸವಾಲಿನಲ್ಲಿ ಇದು ತಿರುಗುಮುರುಗು. ಎದುರು ವಕೀಲ ಉದ್ದಕ್ಕೆ ಕೇಳುತ್ತಾನೆ, ಸಾಕ್ಷಿಗೆ ಉಳಿಯುವುದು “ಹೌದು”, “ಇಲ್ಲ” ಮಾತ್ರ. ನಮ್ಮ ದೇಶದ ಸಾಕ್ಷ್ಯ ಕಾನೂನಿನಲ್ಲೂ ಇದೇ ನಿಯಮವಿದೆ. ನಟನಿಗೆ ಮೊದಲನೆಯದು ಮಾತಿನ ಪರೀಕ್ಷೆ, ಎರಡನೆಯದು ಮುಖದ ಪರೀಕ್ಷೆ. ಕಟಕಟೆಯಲ್ಲಿ ಓಡಾಡಲು ಜಾಗವಿಲ್ಲ, ಕ್ಯಾಮೆರಾ ಮುಖ ಬಿಟ್ಟು ಕದಲುವುದಿಲ್ಲ.

ಅಲ್ಲಿ ತೀರ್ಪು ಕೊಡುವವರು ಜ್ಯೂರಿಯಲ್ಲಿ ಕುಳಿತ ಸಾಮಾನ್ಯ ಜನ. ಸಾಕ್ಷಿ ನಿಜ ಹೇಳುತ್ತಿದ್ದಾನೆಯೇ ಎಂದು ಅವರಂತೆ ನೋಡುಗರೂ ತೂಗುತ್ತಿರುತ್ತಾರೆ.

2004ರಲ್ಲಿ ವಿಲಿಯಂ ಶಾಟ್ನರ್ ಇದೇ ಧಾರಾವಾಹಿಗೆ ಅತಿಥಿಯಾಗಿ ಬಂದು ಡೆನ್ನಿ ಕ್ರೇನ್ ಎಂಬ ವಕೀಲನಾಗಿ ಎಮ್ಮಿ ಗೆದ್ದರು. ಆ ಪಾತ್ರ ‘ಬಾಸ್ಟನ್ ಲೀಗಲ್’ ಎಂಬ ಮುಂದಿನ ಧಾರಾವಾಹಿಯಲ್ಲಿ 2008ರವರೆಗೂ ಬಾಳಿತು.

ನಾನೀಗ ಪಾತ್ರ ಬಿಟ್ಟಿಲ್ಲ. ನನ್ನ ಏಳು ಮಾತುಗಳಲ್ಲಿ ಮೂರು ಬರೀ “ಇಲ್ಲ”. ಮೊದಲನೆಯದು ಸುಳ್ಳು, ಎರಡನೆಯದು ಭಯ, ಮೂರನೆಯದು ನಿಜ. ಮೂರನ್ನೂ ಬೇರೆ ಬೇರೆಯಾಗಿ ಹೇಳುವುದು ಹೇಗೆಂದು ದಿನಾ ಕನ್ನಡಿಯ ಮುಂದೆ ನಿಂತು ಕಲಿಯುತ್ತಿದ್ದೇನೆ. ನಾಟಕದ ದಿನ ನೀವೇ ಜ್ಯೂರಿ.