ಬಣ್ಣ ಲೋಕಕ್ಕೆ, ಬೀಜ ಯಾರಿಗೆ?

ನಮ್ಮ ಅಡುಗೆಮನೆಯ ಬ್ಯಾಡಗಿ ಮೆಣಸಿನಕಾಯಿಯ ಮೂಲ ಹೊರನಾಡೆಂದರೆ ಎಷ್ಟೋ ತಾಯಂದಿರು ನಂಬಲಿಕ್ಕಿಲ್ಲ. ಅಮೆರಿಕಾ ಖಂಡದ ಈ ಗಿಡವನ್ನು ಭಾರತಕ್ಕೆ ತಂದವರು ಪೋರ್ಚುಗೀಜರು. ನಮ್ಮ ರೈತರು ತಲೆತಲಾಂತರ ಬೀಜ ಆಯ್ದು, ಖಾರ ಕಡಿಮೆಯಾದ, ಕಡುಗೆಂಪಿನ ಕಡ್ಡಿ ಮತ್ತು ಡಬ್ಬಿ ತಳಿಗಳನ್ನು ಬೆಳೆಸಿದರು. ಆದುದರಿಂದ ಲೋಕದೊಡನೆ ಕೊಡುಕೊಳ್ಳುವುದನ್ನೇ ನಾವು ದೂರುವುದಿಲ್ಲ.

ಇಂದು ಈ ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಬಣ್ಣದ ಸತ್ವವು ಪರದೇಶಗಳ ತಿನಿಸುಗಳನ್ನೂ ತುಟಿಬಣ್ಣವನ್ನೂ ಸೇರುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಕೀರ್ತಿ ಹೆಚ್ಚಿತು, ರೈತನ ಸ್ವಾತಂತ್ರ್ಯ ಹೆಚ್ಚಿತೇ? ಹಿಂದೆ ಮನೆಯ ಹಿರಿಯಳು ಒಳ್ಳೆಯ ಕಾಯಿ ಆರಿಸಿ ಬೀಜ ಕಾದಿಡುತ್ತಿದ್ದಳು. ಈಗ ಅಧಿಕ ಇಳುವರಿಯ ಹೈಬ್ರಿಡ್ ಬೀಜ ಪೊಟ್ಟಣದಲ್ಲಿ ಬರುತ್ತದೆ; ಅದರ ಬೆಳೆಯಿಂದ ತೆಗೆದ ಬೀಜ ಮರುವರ್ಷ ಅದೇ ಗುಣ ತೋರದು. ರಾಣೇಬೆನ್ನೂರಿನ ಸುತ್ತ ಹೆಣ್ಣುಮಕ್ಕಳು ಹೂವಿನ ಕೇಸರ ಕಿತ್ತು, ಕೈಯಾರೆ ಪರಾಗ ಸೋಕಿಸಿ, ಕಂಪನಿಗಳಿಗೆ ತರಕಾರಿ ಬೀಜ ಸಿದ್ಧಪಡಿಸುತ್ತಾರೆ. ಬೀಜ ಅವರ ಕೈಯಲ್ಲಿ ಹುಟ್ಟುತ್ತದೆ; ಅವರದಾಗಿ ಉಳಿಯುವುದಿಲ್ಲ.

ಬೆಲೆ ಕುಸಿದಾಗ, 2024ರ ಮಾರ್ಚ್ 11ರಂದು, ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಭುಗಿಲೆದ್ದು ವಾಹನಗಳು ಸುಟ್ಟವು. ಬೆಂಕಿಯನ್ನು ನಾವು ಒಪ್ಪೆವು. ಆದರೆ ಒಂದೇ ಬೆಳೆಗೆ ಬಾಳನ್ನೊಪ್ಪಿಸಿ, ತಾನು ಕಾಣದ ಪೇಟೆಗಳ ಏರಿಳಿತಕ್ಕೆ ಸಿಲುಕಿದವನ ಸಂಕಟವನ್ನು ಅರಿಯದೆ ಇರಲಾಗದು.

ಹಾವೇರಿ ಸೀಮೆಯ ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ: ಹೈಬ್ರಿಡ್ ಬೆಳೆಯಿಂದ ದೂರವಾಗಿ, ಹಿತ್ತಲಲ್ಲಾದರೂ ಸರಿ, ಮನೆಬೀಜದ ನಾಲ್ಕು ಗಿಡ ಬೆಳೆಸಿರಿ. ಬೀಜ ಮನೆಯಲ್ಲಿದ್ದರೆ ಲೋಕದೊಡನೆ ವ್ಯಾಪಾರ. ಇಲ್ಲವಾದರೆ ಲೋಕದ ಕೂಲಿ.