ಅಟ್ಟದ ಕಂಪ್ಯೂಟರಿನಿಂದ ಆಟದ ಪೆಟ್ಟಿಗೆ

ನಮ್ಮ ಮನೆಗಳಲ್ಲಿ ಹಳೆಯ ಪದಾರ್ಥಗಳನ್ನು ಸುಲಭವಾಗಿ ಹೊರಗೆ ಹಾಕುವ ವಾಡಿಕೆಯಿಲ್ಲ. ಕಾಲು ಮುರಿದ ಕುರ್ಚಿ, ನಿಂತುಹೋದ ಗಡಿಯಾರ, ತೂತುಬಿದ್ದ ಕೊಳಗ ಇವೆಲ್ಲವೂ ‘ಎಂದಾದರೂ ಉಪಯೋಗಕ್ಕೆ ಬಂದೀತು’ ಎಂಬ ನೆವದಿಂದ ಅಟ್ಟವನ್ನು ಸೇರುವುವು. ಈಚೆಗೆ ಈ ಸಾಲಿಗೆ ಕಂಪ್ಯೂಟರೂ ಸೇರಿದೆ. ಹದಿನೈದು ವರ್ಷಗಳ ಹಿಂದೆ ಕೊಂಡದ್ದು. ಕೆಟ್ಟಿಲ್ಲ, ಆದರೆ ಇಂದಿನ ಕೆಲಸಕ್ಕೆ ನಿಧಾನ. ಮಾರಿದರೆ ಕಾಸು ಹುಟ್ಟದು, ಬಿಸಾಡಲು ಮನಸ್ಸು ಬಾರದು. ಅಂತಹ ಕಂಪ್ಯೂಟರಿನ ಬಿಡಿಭಾಗಗಳಿಂದ ಮನೆಮಂದಿಯೆಲ್ಲ ಆಡಬಹುದಾದ ಒಂದು ಆಟದ ಪೆಟ್ಟಿಗೆಯನ್ನು ಮಾಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇನೆ. ಕಳೆದ ಬೇಸಗೆಯ ರಜೆಯಲ್ಲಿ ನಾನೂ ಒಂದನ್ನು ಮಾಡಿದೆನು. ಆದರೆ ಒಂದು ಒಳ್ಳೆಯ ಹಲಗೆಯನ್ನು ಹಾಳುಮಾಡಿದ ಮೇಲೆ ಮಾಡಿದೆನು. ನನಗಾದ ನಷ್ಟದಿಂದ ವಾಚಕರಿಗಾದರೂ ಲಾಭವಾಗಲಿ.

ಈ ಪೆಟ್ಟಿಗೆಗಳ ಪೂರ್ವವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳಬಹುದು. ೧೯೭೨ ರಲ್ಲಿ ಅಮೆರಿಕದ ಅಟಾರಿ ಕಂಪೆನಿಯವರು ‘ಪಾಂಗ್’ ಎಂಬ ಚೆಂಡಾಟದ ಯಂತ್ರವನ್ನು ಹೊರತಂದರು. ೧೯೭೮ ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ಎಂಬವರು ‘ಸ್ಪೇಸ್ ಇನ್‌ವೇಡರ್ಸ್’ ಆಟವನ್ನೂ, ೧೯೮೦ ರಲ್ಲಿ ಅದೇ ದೇಶದ ಟೋರು ಇವಾಟಾನಿ ಎಂಬವರು ‘ಪ್ಯಾಕ್‌ಮ್ಯಾನ್’ ಆಟವನ್ನೂ ರಚಿಸಿದರು. ಆಳೆತ್ತರದ ಮರದ ಪೆಟ್ಟಿಗೆ, ಅದರಲ್ಲೊಂದು ತೆರೆ, ಒಂದು ಹಿಡಿಕೆ, ಕೆಲವು ಗುಂಡಿಗಳು. ನಾಣ್ಯ ಹಾಕಿ ನಿಂತು ಆಡುವುದು. ಆ ಯಂತ್ರಗಳು ಮುಪ್ಪಾದ ಮೇಲೆ, ೧೯೯೭ ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬವರು ‘ಮೇಮ್’ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದರು. ಇದು ಸಾಮಾನ್ಯ ಕಂಪ್ಯೂಟರಿನಿಂದ ಹಳೆಯ ಯಂತ್ರದ ವೇಷವನ್ನು ಹಾಕಿಸುವುದು. ೧೯೮೦ ರ ಸುಮಾರಿನ ಆಟಗಳಿಗೆ ಅಟ್ಟದ ಕಂಪ್ಯೂಟರಿನ ಶಕ್ತಿ ಧಾರಾಳವಾಗಿ ಸಾಕು.

ಮೊದಲನೆಯ ಕೆಲಸವೆಂದರೆ ಇರುವುದನ್ನು ಲೆಕ್ಕಹಾಕುವುದು. ಮದರ್‌ಬೋರ್ಡು, ಪವರ್ ಸಪ್ಲೈ, ಹಾರ್ಡ್‌ಡಿಸ್ಕು, ಮಾನಿಟರು, ಸ್ಪೀಕರು ಇವುಗಳ ಧೂಳು ಕೊಡವಿ, ಮೇಜಿನ ಮೇಲೆ ಜೋಡಿಸಿ, ಒಂದು ಇಡೀ ದಿನ ನಡೆಸಿ ನೋಡತಕ್ಕದ್ದು. ಕೆಟ್ಟ ಭಾಗಕ್ಕೆ ಪೆಟ್ಟಿಗೆ ಮಾಡಿ ಫಲವೇನು?

ಇಲ್ಲಿಯೇ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಡಿಸ್ಕನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸುವುದು ರೂಢಿ. ನಾನೂ ಅಳಿಸುವುದರಲ್ಲಿದ್ದೆನು. ಹಪ್ಪಳ ಒಣಹಾಕಿ ಒಳಗೆ ಬಂದ ನಮ್ಮ ತಾಯಿಯವರು, “ಅದರಲ್ಲಿ ಅಕ್ಕನ ಮದುವೆ ಫೋಟೋಗಳಿದ್ದವಲ್ಲವೇನೋ?” ಎಂದು ಕೇಳಿದರು. ಇಲ್ಲವೆಂದೇ ನಾನು ನಂಬಿದ್ದೆನು. ತೆರೆದು ನೋಡಿದರೆ ೨೦೦೯ ರ ಆ ಮದುವೆಯ ಚಿತ್ರಗಳೆಲ್ಲ ಅಲ್ಲಿಯೇ ಇದ್ದವು. ಈಗ ನಮ್ಮೊಡನಿಲ್ಲದ ತಂದೆಯವರು ಧಾರೆಯೆರೆಯುತ್ತಿರುವ ಚಿತ್ರವು ಮತ್ತೆಲ್ಲಿಯೂ ಉಳಿದಿರಲಿಲ್ಲ. ಇನ್ನೊಂದು ಗಳಿಗೆ ಕಳೆದಿದ್ದರೆ ಅದನ್ನು ನನ್ನ ಕೈಯಿಂದಲೇ ಅಳಿಸಿರುತ್ತಿದ್ದೆನು. ಆದುದರಿಂದ, ಡಿಸ್ಕಿನಲ್ಲಿರುವುದನ್ನೆಲ್ಲ ಮನೆಯ ಹಿರಿಯರೊಡನೆ ಕುಳಿತು ನೋಡಿ, ಬೇರೆ ಎರಡು ಕಡೆ ನಕಲು ಮಾಡಿಟ್ಟ ಹೊರತು ಮುಂದಿನ ಕೆಲಸಕ್ಕೆ ಕೈಹಾಕಬಾರದು.

ಎರಡನೆಯದು, ಆಡುವ ಆಟಗಳನ್ನು ಆರಿಸುವುದು. ಹಿಡಿಕೆ ಗುಂಡಿಗಳ ಲೆಕ್ಕವು ಇದನ್ನು ಅವಲಂಬಿಸಿರುವುದು. ಪ್ಯಾಕ್‌ಮ್ಯಾನಿಗೆ ನಾಲ್ಕು ದಿಕ್ಕಿಗೆ ಹೊರಳುವ ಒಂದು ಜಾಯ್‌ಸ್ಟಿಕ್ ಸಾಕು. ಸ್ಪೇಸ್ ಇನ್‌ವೇಡರ್ಸಿಗೆ ಎಡಬಲದ ಚಲನೆ, ಗುಂಡು ಹಾರಿಸಲು ಒಂದು ಗುಂಡಿ. ಈ ಆಟಗಳಲ್ಲಿ ಇಬ್ಬರಿದ್ದರೆ ಸರದಿಯಂತೆ ಆಡುವರು. ಆದರೆ ೧೯೯೧ ರ ‘ಸ್ಟ್ರೀಟ್ ಫೈಟರ್ ೨’ ಬೇಕೆಂದರೆ ಒಬ್ಬೊಬ್ಬರಿಗೆ ಆರು ಗುಂಡಿ, ಇಬ್ಬರ ಮೊಳಕೈಗೆ ಎಡೆಯಾಗುವಂತೆ ಎರಡಡಿ ಅಗಲ ಬೇಕಾಗುವುದು. ಎಂಟು ದಿಕ್ಕಿಗೆ ಹೊರಳುವ ಜಾಯ್‌ಸ್ಟಿಕ್ಕಿನಿಂದ ಪ್ಯಾಕ್‌ಮ್ಯಾನ್ ಆಡಿದರೆ ಕೈ ಓರೆಗೆ ಜಾರಿ, ತಿರುವು ತಪ್ಪಿ, ಬೆನ್ನಟ್ಟಿದ ಭೂತದ ಬಾಯಿಗೆ ಬೀಳಬೇಕಾಗುವುದು. ಅಡಿಯ ತಗಡನ್ನು ತಿರುಗಿಸಿ ನಾಲ್ಕು ದಿಕ್ಕಿಗೆ ಕಟ್ಟುಮಾಡಬಹುದಾದ ಜಾಯ್‌ಸ್ಟಿಕ್ಕುಗಳೂ ದೊರೆಯುವುವು, ಅವೇ ಮೇಲು.

ಮೂರನೆಯದು ಅಳತೆ. ನಾನು ಎಡವಿದ್ದು ಇಲ್ಲಿಯೇ. ನಮ್ಮ ಮಾನಿಟರು ‘ಹದಿನೇಳು ಅಂಗುಲ’ದ್ದು. ಮುಂದಿನ ಹಲಗೆಯಲ್ಲಿ ತೆರೆಗಾಗಿ ಹದಿನೇಳು ಅಂಗುಲ ಅಗಲದ ಕಿಂಡಿ ಕೊಯ್ಯುವಂತೆ ಬಡಗಿಗೆ ಹೇಳಿದೆನು. “ಸ್ವಾಮಿ, ಒಂದು ಸಲ ಪೆಟ್ಟಿಗೆ ತಂದು ಇಟ್ಟು ನೋಡೋಣವೆ?” ಎಂದು ಆತನು ಕೇಳಿದನು. “ಬರೆದುಕೊಟ್ಟಷ್ಟು ಕೊಯ್ದರೆ ಸಾಕಪ್ಪ” ಎಂದೆನು. ಮಾನಿಟರನ್ನು ಇಟ್ಟಾಗ ಎರಡು ಕಡೆಯೂ ಕೈ ತೂರುವಷ್ಟು ಸಂದು! ಆ ಹದಿನೇಳು ಅಂಗುಲವು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ; ಅಂತಹ ಚೌಕನೆಯ ಮಾನಿಟರಿನಲ್ಲಿ ತೆರೆಯ ಅಗಲ ಹದಿಮೂರು ಅಂಗುಲಕ್ಕಿಂತ ತುಸು ಹೆಚ್ಚು, ಎತ್ತರ ಹತ್ತೂವರೆ ಅಂಗುಲದ ಸುಮಾರು. ಬಡಗಿಯು ಏನೂ ಅನ್ನದೆ ಹಲಗೆಯನ್ನು ಗೋಡೆಗೆ ಒರಗಿಸಿದನು. ಆ ಮೌನಕ್ಕೆ ನಾನು ಕೊಟ್ಟ ಬೆಲೆ ಒಂದು ಹಲಗೆ.

ಆದುದರಿಂದ ಗರಗಸಕ್ಕೆ ಮೊದಲು ಕತ್ತರಿ. ದಿನಸಿ ಅಂಗಡಿಯ ರಟ್ಟಿನ ಡಬ್ಬಿಗಳನ್ನು ಬಿಡಿಸಿ ಪೂರ್ಣ ಅಳತೆಯ ಒಂದು ಮಾದರಿಯನ್ನು ಮಾಡಿ, ಅದರಲ್ಲಿ ನಿಜವಾದ ಭಾಗಗಳನ್ನೇ ಇಟ್ಟು ನೋಡಬೇಕು. ಸಾಮಾನ್ಯ ಎ.ಟಿ.ಎಕ್ಸ್. ಮದರ್‌ಬೋರ್ಡು ೧೨ ಅಂಗುಲಕ್ಕೆ ೯.೬ ಅಂಗುಲ, ಚಿಕ್ಕ ಜಾತಿಯದು ಎರಡು ಕಡೆಯೂ ೯.೬ ಅಂಗುಲ. ಬೋರ್ಡು ಹಲಗೆಗೆ ತಾಗದಂತೆ ಸಣ್ಣ ಕಂಬಗಳ ಮೇಲೆ ನಿಲ್ಲಿಸಬೇಕು.

ಬಳಿಕ ಆಡುವವರನ್ನೂ ಅಳೆಯಬೇಕು. ಹಳೆಯ ಮಾನಿಟರುಗಳಲ್ಲಿ ಬಹುಪಾಲು ನೇರವಾಗಿ ನೋಡುವವರಿಗೆ ಮಾತ್ರ ಚೆನ್ನಾಗಿ ಕಾಣುವಂತಹವು. ಕೆಳಗಿನಿಂದ ನೋಡಿದರೆ ಬಣ್ಣಗಳು ಕಪ್ಪಿಟ್ಟು ಕೆಡುವುವು. ಆಳೆತ್ತರದ ಪೆಟ್ಟಿಗೆಯಲ್ಲಿ ನನಗೆ ಸರಿಯಾದ ತೆರೆಯು ಒಂಬತ್ತು ವರ್ಷದ ಮಗಳಿಗೆ ಕತ್ತಲೆ. ಮಂಡಿನೋವಿನ ತಾಯಿಯವರಿಗಂತೂ ನಿಲ್ಲುವುದೇ ಕಷ್ಟ. ಹೀಗಾಗಿ ಮೇಜಿನ ಮೇಲಿಟ್ಟು ಕುಳಿತು ಆಡುವ ಚಿಕ್ಕ ಪೆಟ್ಟಿಗೆಯನ್ನೇ ನಿಶ್ಚಯಿಸಿದೆನು. ಮಗಳನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ ರಟ್ಟಿನ ಮಾದರಿಯ ಓರೆಯನ್ನು ಮೂರು ಸಲ ಬದಲಾಯಿಸಿದ ಬಳಿಕ ಎಲ್ಲರ ಕಣ್ಣಿಗೂ ಹೊಂದಿತು. ರಟ್ಟು ಕತ್ತರಿಸಲು ಖರ್ಚೇನೂ ಇಲ್ಲವಷ್ಟೆ. ಇಂತಹ ಪೆಟ್ಟಿಗೆಗೆ ೧೨ ಮಿಲಿಮೀಟರ್ ದಪ್ಪದ ಪ್ಲೈವುಡ್ಡು ಸಾಕು.

ಗುಂಡಿಗಳ ತಂತಿಯ ಕೆಲಸವು ಮಕ್ಕಳೂ ಕಲಿಯಬಹುದಾದದ್ದು. ಪ್ರತಿಯೊಂದು ಗುಂಡಿಯ ಅಡಿಯಲ್ಲಿ ಟಿಕ್ಕೆನ್ನುವ ಒಂದು ಪುಟ್ಟ ಸ್ವಿಚ್ಚಿರುವುದು. ಜಾಯ್‌ಸ್ಟಿಕ್ಕಿನಲ್ಲಿ ದಿಕ್ಕಿಗೊಂದರಂತೆ ನಾಲ್ಕು. ಇವುಗಳ ಒಂದು ಕಿವಿಯನ್ನು ಹೂಮಾಲೆಯಂತೆ ಒಂದೇ ತಂತಿಯಿಂದ ಕೂಡಿಸಿ, ಇನ್ನೊಂದು ಕಿವಿಯಿಂದ ಬೇರೆ ಬೇರೆ ತಂತಿಯನ್ನು ‘ಎನ್‌ಕೋಡರ್’ ಎಂಬ ಚಿಕ್ಕ ಬೋರ್ಡಿಗೆ ಒಯ್ಯಬೇಕು. ಆ ಬೋರ್ಡು ಯು.ಎಸ್.ಬಿ. ತಂತಿಯಿಂದ ಕಂಪ್ಯೂಟರನ್ನು ಸೇರುವುದು. ಹಳೆಯ ಕೀಲಿಮಣೆಯನ್ನು ಬಿಚ್ಚಿ ಅದರ ಬೋರ್ಡನ್ನೇ ಬಳಸುವವರೂ ಉಂಟು. ಆದರೆ ಮೂರು ನಾಲ್ಕು ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗ ಅದು ಕೆಲವನ್ನು ನುಂಗುವುದು, ಒತ್ತದ್ದನ್ನು ಒತ್ತಿದೆಯೆನ್ನುವುದು. ಗುಂಡಿಗಳ ರಂಧ್ರವು ೨೮ ಅಥವಾ ೩೦ ಮಿಲಿಮೀಟರ್. ಕೊಂಡ ಗುಂಡಿಯನ್ನು ಅಳೆದ ಮೇಲೆಯೇ ಕೊರೆಯತಕ್ಕದ್ದು.

ಇಷ್ಟು ಅಭಯ ಕೊಟ್ಟ ಬಳಿಕ ಭಯವನ್ನೂ ಹೇಳುವುದು ನ್ಯಾಯ. ಪವರ್ ಸಪ್ಲೈಯ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ಅಡಗಿರುವುದು. ಗಾಜಿನ ಕೊಳವೆಯ ಹಳೆಯ ಡುಬ್ಬದ ಮಾನಿಟರಂತೂ ಇನ್ನೂ ಅಪಾಯಕರ. ಅದನ್ನು ಬಿಚ್ಚುವ ಆಸೆಯೇ ಬೇಡ. ಭೂಸಂಪರ್ಕವುಳ್ಳ ಮೂರು ಮುಳ್ಳಿನ ಪ್ಲಗ್ಗನ್ನೇ ಬಳಸಿ, ಮನೆಯ ವಿದ್ಯುತ್ತಿನ ತಂತಿಗಳು ಮಕ್ಕಳ ಕೈಗೆ ಸಿಗದಂತೆ ಹಿಂಬಾಗಿಲಿಗೆ ತಿರುಪು ಹಾಕಬೇಕು. ಕೆಳಗೆ ತಣ್ಣನೆಯ ಗಾಳಿ ಬರಲು, ಮೇಲೆ ಬಿಸಿಗಾಳಿ ಹೋಗಲು ಕಿಂಡಿಗಳಿರಲಿ. ಮೇಲಿನ ಕಿಂಡಿಗೆ ಹಳೆಯ ಕಂಪ್ಯೂಟರಿನ ಫ್ಯಾನೇ ಒದಗುವುದು.

ಆಟಗಳ ವಿಷಯದಲ್ಲಿ ಧರ್ಮವನ್ನು ಮರೆಯಬಾರದು. ಮೇಮ್ ಪ್ರೋಗ್ರಾಮು ಉಚಿತ. ಆದರೆ ಅದರಲ್ಲಿ ನಡೆಯುವ ಆಟಗಳಲ್ಲಿ ಬಹುಪಾಲು ಇಂದಿಗೂ ಆಯಾ ಕಂಪೆನಿಗಳ ಸ್ವತ್ತು. ‘ಗ್ರಿಡ್ಲೀ’, ‘ರಾಬಿ ರೋಟೊ’ ಮುಂತಾದ ಕೆಲವನ್ನು ಮಾತ್ರ ಹಕ್ಕುದಾರರು ವ್ಯಾಪಾರಕ್ಕಲ್ಲದ ಉಪಯೋಗಕ್ಕೆ ಬಿಟ್ಟುಕೊಟ್ಟಿದ್ದಾರೆ. ಕೆಲವು ಹಳೆಯ ಆಟಗಳನ್ನು ಕಂಪೆನಿಗಳೇ ಕಂಪ್ಯೂಟರಿಗಾಗಿ ಮಾರುತ್ತವೆ. ಬೇಕಾದುದನ್ನು ಕೊಂಡು ಆಡುವುದು ಲೇಸು.

ನಮ್ಮ ಪೆಟ್ಟಿಗೆ ಈಗ ನಡುಮನೆಯ ಮೂಲೆಯಲ್ಲಿದೆ. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಮೊಮ್ಮಗಳು, ಅಜ್ಜಿ ಸರದಿಯಂತೆ ಆಡುತ್ತಾರೆ. ಅಜ್ಜಿಯವರೇ ಸೋಲುವುದು, ಮತ್ತೆ ಅವರೇ “ಇನ್ನೊಂದಾಟ” ಎನ್ನುವುದು. ಆಟ ನಿಂತಾಗ ತೆರೆಯ ಮೇಲೆ ಮದುವೆಯ ಚಿತ್ರಗಳು ಒಂದೊಂದಾಗಿ ಬಂದುಹೋಗುವಂತೆ ಮಾಡಿದ್ದೇನೆ. ಕೊಯ್ದು ಕೆಟ್ಟ ಆ ಹಲಗೆಯು ಅಡಿಗೆಮನೆಯಲ್ಲಿ ಡಬ್ಬಿಗಳಿಡುವ ಗೂಡಾಗಿದೆ. ಅದನ್ನು ಕಂಡಾಗಲೆಲ್ಲ ‘ಮೊದಲು ಅಳೆ, ಆಮೇಲೆ ಕೊಯ್ಯಿ’ ಎಂಬ ಬುದ್ಧಿ ನೆನಪಾಗುವುದು.