ವಿಚ್ಛೇದನದ ವಿಷಯವನ್ನು ಮಗುವಿಗೆ ತಿಳಿಸುವ ಬಗೆ

ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಬಯಸುವ ದಂಪತಿಗೆ ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮು ಮರುಯೋಚನೆಗೆಂದು ಆರು ತಿಂಗಳ ಅವಕಾಶ ಇಟ್ಟಿದ್ದು, ಸಂದರ್ಭ ನೋಡಿ ಅದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿದೆ. ಈ ಅವಧಿಯಲ್ಲಿ ಜೀವನಾಂಶ, ಒಡವೆ, ಮನೆ ಇವುಗಳ ಜೊತೆಗೆ ಮಗುವಿನ ಸುಪರ್ದಿ, ಅಂದರೆ ಮಗು ಯಾರ ಬಳಿ ಬೆಳೆಯಬೇಕೆಂಬುದೂ ವಕೀಲರ ಮುಂದೆ ಚರ್ಚೆಯಾಗುತ್ತದೆ. ಆದರೆ ನಡೆಯುತ್ತಿರುವುದೇನೆಂದು ಮಗುವಿಗೆ ಹೇಳುವ ಕೆಲಸ ಮಾತ್ರ ನಾಳೆ, ನಾಡಿದ್ದು ಎಂದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. "ಅಪ್ಪ ಕೆಲಸದ ಮೇಲೆ ಊರಿಗೆ ಹೋಗಿದ್ದಾರೆ" ಎಂಬ ಉತ್ತರ ಕೆಲವು ವಾರ ನಡೆದೀತು; ಆಮೇಲೆ ಮಗು ಕೇಳುವುದನ್ನೇ ಬಿಡುತ್ತದೆ, ಹಿರಿಯರು ಅದನ್ನು ಹೊಂದಿಕೊಂಡಿತೆಂದು ಭಾವಿಸುತ್ತಾರೆ.

ಈ ಮೌನ ಅಪಾಯಕಾರಿಯಾಗುವುದು ಚಿಕ್ಕ ಮಕ್ಕಳು ಯೋಚಿಸುವ ರೀತಿಯಿಂದ. ಶಾಲೆಗೆ ಸೇರುವ ಮುನ್ನಿನ ವಯಸ್ಸಿನ ಮಗು ಲೋಕವನ್ನೆಲ್ಲ ತನ್ನ ಕಣ್ಣಿನಿಂದ ಮಾತ್ರ ಅಳೆಯುವುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಸ್ವಕೇಂದ್ರಿತ ಚಿಂತನೆ ಎಂದು ವಿವರಿಸಿದ್ದಾರೆ. ಹಾಲು ಕುಡಿಯಲು ಹಟ ಮಾಡಿದ ರಾತ್ರಿಯೇ ಅಪ್ಪ ಅಮ್ಮ ಜಗಳವಾಡಿದ್ದರೆ, ಜಗಳಕ್ಕೆ ತಾನೇ ಕಾರಣವೆಂದು ನಾಲ್ಕು ವರ್ಷದ ಮಗು ತೀರ್ಮಾನಿಸಿಬಿಡಬಹುದು. ಆದ್ದರಿಂದ "ಇದು ನಿನ್ನಿಂದ ಆದದ್ದಲ್ಲ" ಎಂಬ ಮಾತನ್ನು ಒಮ್ಮೆ ಹೇಳಿ ಮುಗಿಸುವಂತಿಲ್ಲ. ಮಗು ಮತ್ತೆ ಕೇಳಿದಾಗ, ಕೇಳದೆ ಮಂಕಾಗಿ ಕುಳಿತಾಗಲೂ ಅದನ್ನೇ ಹೇಳಬೇಕಾಗುತ್ತದೆ.

ತೀರ್ಮಾನ ಖಚಿತವಾದ ಮೇಲೆ, ಒಬ್ಬರು ಮನೆ ಬಿಡುವ ಮುನ್ನ, ಸಾಧ್ಯವಿದ್ದರೆ ತಂದೆತಾಯಿ ಇಬ್ಬರೂ ಕೂತು ಹೇಳುವುದು ಉತ್ತಮ. ಹೊಡೆತ, ಬೆದರಿಕೆಗಳಿದ್ದ ಮನೆಯಲ್ಲಿ ಮಾತ್ರ ಈ ಸಲಹೆ ಸಲ್ಲದು, ಅಲ್ಲಿ ಸುರಕ್ಷತೆಯೇ ಮೊದಲು. ಮಗುವಿಗೆ ಬೇಕಾದದ್ದು ದಾಂಪತ್ಯದ ವಿಮರ್ಶೆಯಲ್ಲ. ರಾತ್ರಿ ಎಲ್ಲಿ ಮಲಗಬೇಕು, ಶಾಲೆ ಬದಲಾಗುತ್ತದೆಯೇ, ಬಸ್ಸಿನ ಹತ್ತಿರ ಯಾರು ಬರುತ್ತಾರೆ, ದಸರಾ ರಜೆಗೆ ಅಜ್ಜಿ ಮನೆಗೆ ಹೋಗುವುದುಂಟೋ ಇಲ್ಲವೋ ಎಂಬುದೇ ಅದರ ಚಿಂತೆಯಾದ್ದರಿಂದ, ಉತ್ತರವೂ ಅಷ್ಟೇ ಸ್ಪಷ್ಟವಾಗಿರಬೇಕು. "ಮತ್ತೆ ಒಂದಾಗ್ತೀರಾ?" ಎಂದು ಕೇಳಿದರೆ, ಕರುಣೆಯಿಂದಲೇ ಆದರೂ ಸುಳ್ಳು ಭರವಸೆ ಕೊಡಕೂಡದು. ಹದಿಹರೆಯದವರು ಕಾರಣ ಕೇಳುತ್ತಾರೆ, ಸಿಟ್ಟಾಗುತ್ತಾರೆ. ಅವರ ಸಿಟ್ಟನ್ನು ತಾಳಿಕೊಳ್ಳಬೇಕೇ ಹೊರತು, ಬೆಳೆದಿದ್ದಾರೆಂದು ಸಂಗಾತಿಯ ಮೇಲಿನ ದೂರನ್ನೆಲ್ಲ ಅವರ ಮುಂದೆ ತೋಡಿಕೊಳ್ಳುವುದು ಅನ್ಯಾಯ.

ಮದುವೆಮನೆಯಲ್ಲೋ ಹಬ್ಬದಲ್ಲೋ ಸಿಕ್ಕ ನೆಂಟರು "ನಿಂಗೆ ಅಪ್ಪ ಬೇಕಾ, ಅಮ್ಮ ಬೇಕಾ?" ಎಂದು ಸಲುಗೆಯಿಂದ ಕೇಳುವ ಪ್ರಶ್ನೆಯಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. ಕಾನೂನು ಸಹ ಈ ವಿಷಯದಲ್ಲಿ ಎಚ್ಚರದಿಂದಿದೆ: 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ ಪ್ರಕಾರ, ವಿವೇಚಿಸಿ ಆಯ್ದುಕೊಳ್ಳುವಷ್ಟು ಬೆಳೆದ ಮಗುವಿನ ಇಷ್ಟವನ್ನು ನ್ಯಾಯಾಧೀಶರು ಪರಿಗಣಿಸಬಹುದು, ಆದರೂ ಕೊನೆಗೆ ತೂಗುವುದು ಮಗುವಿನ ಹಿತವನ್ನೇ. ಒಬ್ಬರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ಕೆಡಿಸುವ ಸಾಧ್ಯತೆಯನ್ನೂ ಸುಪ್ರೀಂ ಕೋರ್ಟ್ 2017ರ ಮತ್ತೊಂದು ತೀರ್ಪಿನಲ್ಲಿ ಚರ್ಚಿಸಿದೆ.

ಹೇಳುವ ಮಾತು ತೋಚದ ತಂದೆತಾಯಿಗೆ ನೆರವಿಲ್ಲದೆ ಇಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಆಪ್ತಸಮಾಲೋಚಕರಿಗೆ ಅವಕಾಶ ಕಲ್ಪಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ. ಮಗು ನಿದ್ದೆಗೆಟ್ಟು, ಊಟ ಬಿಟ್ಟು, ಶಾಲೆಗೆ ಹೋಗಲೊಲ್ಲದೆ ವಾರಗಟ್ಟಲೆ ಕಳೆದರೆ, ನಾಲ್ಕು ಜನ ಏನೆನ್ನುತ್ತಾರೋ ಎಂಬ ಸಂಕೋಚ ಬಿಟ್ಟು ಅಂಥ ಕಡೆಗೆ ಕರೆದೊಯ್ಯಬೇಕು.